ಒಡೆದ ಕೈಗೆ ಮುಲಾಮು

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಪಗಾರ, ಬೋನಸ್ಸುಗಳ ಮಾತನ್ನು ಎತ್ತುವುದಿಲ್ಲ. ಪಗಾರ ಗಳಿಸಿಕೊಡುವ ಕೈಗಳ ಮಾತನ್ನೇ ಆಡುತ್ತೇನೆ. ಹೋಟೆಲಿನ ಮೋರಿಯಲ್ಲಿ ತಟ್ಟೆ-ಲೋಟ ತೊಳೆಯುವ ನಮ್ಮ ಹುಡುಗರ ಕೈಗಳನ್ನು ನೀವೆಲ್ಲ ನೋಡಿದ್ದೀರಿ. ಬೆರಳುಗಳು ಬಿರಿದಿರುತ್ತವೆ, ಊಟಕ್ಕೆ ಕುಳಿತಾಗ ಸಾರು ತಾಗಿದರೆ ಪ್ರಾಣ ಹೋಗುವಂತೆ ಉರಿ. ಆದರೂ ಹುಡುಗ ಕೈಯನ್ನು ಬೆನ್ನ ಹಿಂದೆ ಮರೆಸುತ್ತಾನೆ. ಧಣಿ ಕಂಡರೆ ಕೆಲಸ ಹೋದೀತೆಂಬ ಭಯ!

ಚರ್ಮ ಏಕೆ ಒಡೆಯುತ್ತದೆ? ಚರ್ಮಕ್ಕೆ ಸಹಜವಾದ ಜಿಡ್ಡು ಇದೆ. ಒಳಗಿನ ತೇವವನ್ನು ಕಾಯುವ ಬೇಲಿ ಅದೇ. ಸೋಡಾ, ಸಾಬೂನು, ಬಿಸಿನೀರು ಪಾತ್ರೆಯ ಜಿಡ್ಡಿನೊಂದಿಗೆ ಕೈಯ ಜಿಡ್ಡನ್ನೂ ತೆಗೆದುಬಿಡುತ್ತವೆ. ಗಿರಣಿಯ ಬ್ಲೀಚಿಂಗ್ ಖಾತೆಯಲ್ಲಿ ದುಡಿದ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮುಲಾಮು ಮುರಿದ ಬೇಲಿಯ ಜಾಗದಲ್ಲಿ ನಿಂತು ತೇವ ಆರದಂತೆ ಕಾಯುತ್ತದೆ. ಅದರ ಮರೆಯಲ್ಲಿ ಚರ್ಮ ತಾನೇ ಕೂಡಿಕೊಳ್ಳುತ್ತದೆ.

ಇದಕ್ಕೆ ದುಬಾರಿ ಔಷಧ ಬೇಡ, ವ್ಯಾಸಲೀನು ಸಾಕು. ಅದರ ಮೂಲವೂ ನಮ್ಮಂಥ ಕೂಲಿಗಾರರಲ್ಲೇ ಇದೆ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಣ್ಣೆ ಬಾವಿಯ ಆಳುಗಳು ಪಂಪಿನ ಸಲಾಕೆಗೆ ಅಂಟಿದ ಮೇಣವನ್ನು ಗಾಯಗಳಿಗೆ ಸವರಿಕೊಳ್ಳುತ್ತಿದ್ದರು. ರಾಬರ್ಟ್ ಚೀಸ್‌ಬ್ರೋ ಎಂಬ ರಸಾಯನಜ್ಞ ಅದನ್ನು ಕಂಡು, ಶುದ್ಧಿಗೊಳಿಸಿ, 1872ರಲ್ಲಿ ಪೇಟೆಂಟು ಪಡೆದ. ಅನುಭವ ಆಳುಗಳದು, ಪೇಟೆಂಟು ಧಣಿಯದು!

ಕೆಲಸ ಮುಗಿದ ಮೇಲೆ ಕೈಯನ್ನು ತಣ್ಣೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ತೇವ ಪೂರ್ತಿ ಆರುವ ಮೊದಲೇ ಹಚ್ಚಿರಿ. ಮಲಗುವಾಗ ದಪ್ಪಗೆ ಹಚ್ಚಿ, ಕೈಗೆ ಒಗೆದ ಹತ್ತಿಯ ಕಾಲುಚೀಲ ತೊಡಿರಿ.

ಸುಟ್ಟ ಗಾಯದ ಮಾತು ಬೇರೆ. ಕಾವಲಿ ತಾಗಿದರೆ, ಎಣ್ಣೆ ಸಿಡಿದರೆ, ಮೊದಲು ನಲ್ಲಿಯ ಹರಿಯುವ ನೀರಿನಲ್ಲಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟು, ಶಾಯಿ, ಬೆಣ್ಣೆ, ಮಂಜುಗಡ್ಡೆ ಬೇಡ. ಕಾವು ಇಳಿಯುವ ಮುನ್ನ ಮುಲಾಮು ಹಚ್ಚಿದರೆ ಕಾವು ಒಳಗೇ ಉಳಿಯುತ್ತದೆ. ಗಾಯ ದೊಡ್ಡದಾಗಿದ್ದರೆ, ಕೀವು ತುಂಬಿದರೆ, ಬೆರಳ ಸಂದು ಬೆಳ್ಳಗಾಗಿ ತುರಿಸಿದರೆ ವೈದ್ಯರಿಗೆ ತೋರಿಸಿರಿ. ಅವರನ್ನು ಕೇಳದೆ ಔಷಧದಂಗಡಿಯ ಸ್ಟೆರಾಯ್ಡ್ ಮುಲಾಮನ್ನು ಹಚ್ಚುತ್ತಾ ಹೋಗಬೇಡಿ, ಚರ್ಮ ತೆಳುವಾಗುತ್ತದೆ.

ಆದರೆ ಸೋದರರೇ, ಹಗಲೆಲ್ಲ ಸೋಡಾದಲ್ಲಿ ಅದ್ದಿದ ಕೈಯನ್ನು ರಾತ್ರಿಯ ಮುಲಾಮು ಎಷ್ಟು ದಿನ ಕಾದೀತು? 1948ರ ಕಾರ್ಖಾನೆ ಕಾಯಿದೆಯೇ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಕಡ್ಡಾಯ ಮಾಡಿತ್ತು. ಹೋಟೆಲಿನ ಅಡುಗೆಮನೆಯಲ್ಲೂ ಅಂಥ ಪೆಟ್ಟಿಗೆ, ಅದರಲ್ಲೊಂದು ಡಬ್ಬಿ ಮುಲಾಮು, ಮೋರಿಯ ಬಳಿ ರಬ್ಬರಿನ ಕೈಗವಸು ಇರಲಿ ಎಂದು ಒಟ್ಟಾಗಿ ಕೇಳೋಣ. ಇದು ಭಿಕ್ಷೆಯಲ್ಲ. ನಮ್ಮ ಹುಡುಗ ಕೈಯನ್ನು ಮರೆಸದೆ ಎಲ್ಲರ ಮುಂದೆ ಚಾಚುವಂತಾಗಬೇಕು.