ಅರವತ್ತನಾಲ್ಕು ಜನರ ಕೌಂಟಿ

ಬೆಳಗಿನ ಲೋಕಲಿನಲ್ಲಿ ಬಾಗಿಲ ತನಕ ಬರಲಾಗದೆ ದಾದರ್ ದಾಟಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದವರು ನಿಮ್ಮಲ್ಲಿ ಬಹಳ ಮಂದಿ ಇರಬಹುದು. ಅಂಥವರಿಗೆ ಇವತ್ತು ಜನವೇ ಇಲ್ಲದ ಒಂದು ಸೀಮೆಯ ವಿಷಯ ಹೇಳೋಣ ಅಂದುಕೊಂಡಿದ್ದೇನೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಪಶ್ಚಿಮ ಅಂಚಿನಲ್ಲಿ, ನ್ಯೂ ಮೆಕ್ಸಿಕೋ ಗಡಿಗೆ ತಾಗಿಕೊಂಡು ಇರುವ ಲವಿಂಗ್ ಕೌಂಟಿ ಅದು. ಕೌಂಟಿ ಅಂದರೆ ನಮ್ಮ ತಾಲೂಕು, ಜಿಲ್ಲೆ ಇದ್ದ ಹಾಗೆ ಅನ್ನಿ. ಟೆಕ್ಸಾಸ್ ಒಂದರಲ್ಲೇ 254 ಕೌಂಟಿಗಳಿವೆ.

ಈ ಲವಿಂಗ್ ಕೌಂಟಿಯ ವಿಸ್ತಾರ ಸುಮಾರು 1,750 ಚದರ ಕಿಲೋಮೀಟರ್. ನಮ್ಮ ಬೃಹನ್ಮುಂಬೈಯಂಥ ಮೂರು ಊರುಗಳನ್ನು ಹೆಚ್ಚುಕಡಿಮೆ ಅದರೊಳಗೆ ಇಡಬಹುದು. ಮುಂಬೈಯಲ್ಲಿ 2011ರ ಜನಗಣತಿಯ ಪ್ರಕಾರ 1 ಕೋಟಿ 24 ಲಕ್ಷ ಜನ. ಅಲ್ಲಿ 2020ರ ಗಣತಿಯಲ್ಲಿ ಸಿಕ್ಕವರು 64 ಜನ. ಸಾವಿರವಲ್ಲ, ಲಕ್ಷವಲ್ಲ, ಬರೀ ಅರವತ್ತನಾಲ್ಕು! ಇಡೀ ಅಮೆರಿಕದಲ್ಲಿ ಅತಿ ಕಡಿಮೆ ಜನರಿರುವ ಕೌಂಟಿ ಇದೇ. ಒಬ್ಬೊಬ್ಬರ ಪಾಲಿಗೆ ಸುಮಾರು 27 ಚದರ ಕಿಲೋಮೀಟರ್ ನೆಲ ಬರುತ್ತದೆ. ನಮ್ಮಲ್ಲಿ ಅಷ್ಟೂ ಜನರನ್ನು ಲೋಕಲಿನ ಒಂದೇ ಡಬ್ಬಿಯಲ್ಲಿ ಕೂರಿಸಿ, ಮತ್ತೂ ನಾಲ್ಕು ಜನ ಸರಿದು ಕೂರಿ ಅನ್ನುತ್ತಾರೆ.

ಯಾಕೆ ಹೀಗೆ ಅಂದರೆ ಮೊದಲ ಕಾರಣ ನೀರು. ವರ್ಷಕ್ಕೆ ಬೀಳುವ ಮಳೆ ಹತ್ತು ಇಂಚಿನ ಆಸುಪಾಸು. 2005ರ ಜುಲೈ 26ರಂದು ನಮ್ಮ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತಲ್ಲ, ಅದು ಅವರಿಗೆ ಹೆಚ್ಚುಕಡಿಮೆ ನಾಲ್ಕು ವರ್ಷದ ಮಳೆ. ಪಶ್ಚಿಮದ ಗಡಿಯಲ್ಲಿ ಪೇಕಸ್ ನದಿ ಹರಿಯುತ್ತದೆ, ಆದರೆ ನೀರು ಉಪ್ಪು. ಬಾವಿ ತೋಡಿದರೂ ಚಪ್ಪೆ ನೀರು ಸಿಗುವುದು ಕಷ್ಟ. ಹಾಗಾಗಿ ದಶಕಗಳ ಕಾಲ ಕುಡಿಯುವ ನೀರು ಹೊರಗಿನಿಂದ ಗಾಡಿಯಲ್ಲಿ ಬರುತ್ತಿತ್ತು. ಟ್ಯಾಂಕರಿಗೆ ಕಾಯುವ ಕಷ್ಟ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ನೆಲವೆಲ್ಲ ಮರಳು, ಕುರುಚಲು, ಮೆಸ್ಕೀಟ್ ಎಂಬ ಮುಳ್ಳುಗಿಡ. ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿ ಇದೆಯಲ್ಲ, ಅದು ಈ ಮೆಸ್ಕೀಟಿನ ದಾಯಾದಿಯೇ.

ಲವಿಂಗ್ ಅನ್ನುವ ಹೆಸರು ಕೇಳಿ ಪ್ರೀತಿಯ ಊರು ಅಂದುಕೊಳ್ಳಬೇಡಿ. ಆಲಿವರ್ ಲವಿಂಗ್ ಎಂಬ ದನದ ವ್ಯಾಪಾರಿಯ ಹೆಸರು ಅದು. ಸಾವಿರಾರು ದನಗಳನ್ನು ಪೇಕಸ್ ದಂಡೆಯುದ್ದಕ್ಕೂ ಹೊಡೆದುಕೊಂಡು ಹೋಗುತ್ತಿದ್ದ ಆತ 1867ರಲ್ಲಿ ಕಮಾಂಚಿ ಮೂಲನಿವಾಸಿಗಳ ಜೊತೆಗಿನ ಕಾಳಗದಲ್ಲಿ ಗಾಯಗೊಂಡು, ಗಾಯ ಕೊಳೆತು ಸತ್ತ. ಆತನ ಹೆಸರಿನಲ್ಲಿ ಕೌಂಟಿ ಹುಟ್ಟಿದ್ದು 1887ರಲ್ಲಿ. 1890ರ ಗಣತಿಯಲ್ಲಿ ಸಿಕ್ಕವರು ಮೂರೇ ಜನ! ಆದರೂ 1893ರಲ್ಲಿ ಕಾಲುವೆ ತೋಡಿ ವ್ಯವಸಾಯ ಮಾಡಿಸುತ್ತೇವೆ ಅಂತ ಹೊರಗಿನಿಂದ ಬಂದ ಕೆಲವರು ನೂರಕ್ಕೂ ಮಿಕ್ಕಿದ ಮತದಾರರ ಸಹಿ ತೋರಿಸಿ ಅಲ್ಲಿ ಆಡಳಿತ ಸ್ಥಾಪಿಸಿಬಿಟ್ಟರು. ಸಹಿಗಳು ಎಲ್ಲಿಂದ ಬಂದವೋ ನೀವೇ ಊಹಿಸಿ. ಮೋಸ ಬಯಲಾಗಿ 1897ರಲ್ಲಿ ಸರ್ಕಾರ ಕೌಂಟಿಯನ್ನೇ ರದ್ದು ಮಾಡಿ ಪಕ್ಕದ ರೀವ್ಸ್ ಕೌಂಟಿಗೆ ಸೇರಿಸಿತು. ಎಣ್ಣೆ ಸಿಕ್ಕಿದ ಮೇಲೆ, 1931ರಲ್ಲಿ, ಎರಡನೇ ಸಲ ಕೌಂಟಿಯಾಯಿತು. ಟೆಕ್ಸಾಸಿನಲ್ಲಿ ಎರಡು ಸಲ ಹೀಗೆ ಆಡಳಿತ ಕಟ್ಟಿಕೊಂಡ ಕೌಂಟಿ ಬೇರೆ ಇಲ್ಲ. 1945ರಲ್ಲಿ ಎಡ್ನಾ ರೀಡ್ ಎಂಬ ಮಹಿಳೆ ಅಲ್ಲಿ ಶೆರಿಫ್ ಆದರು. ಟೆಕ್ಸಾಸಿನಲ್ಲಿ ಆ ಹುದ್ದೆಗೆ ಚುನಾಯಿತಳಾದ ಮೊದಲ ಹೆಂಗಸು ಅವರೇ. ಸೊಂಟಕ್ಕೆ ಬಂದೂಕು ಕಟ್ಟಲೇ ಇಲ್ಲವಂತೆ.

1940ರಲ್ಲಿ 285 ಜನರಿದ್ದರು. ಆಮೇಲೆ ಇಳಿಮುಖ. 1970ರಲ್ಲಿ 164, 2000ದಲ್ಲಿ 67. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ಈಗ ಬಸ್ಸು ಹತ್ತಿ ಪಕ್ಕದ ಕೌಂಟಿಯ ವಿಂಕ್ ಎಂಬ ಊರಿಗೆ ಓದಲು ಹೋಗುತ್ತಾರೆ. ಆಸ್ಪತ್ರೆ ಇಲ್ಲ. ಆಡಳಿತ ಕೇಂದ್ರ ಮೆಂಟೋನ್ ಎಂಬ ಪುಟ್ಟ ಊರು, ಅಲ್ಲಿ 1935ರ ಕೋರ್ಟು ಕಟ್ಟಡವೇ ದೊಡ್ಡದು.

ಹಾಗಾದರೆ ಬಡ ಊರು ಅನ್ನೋಣವೇ? ಖಂಡಿತ ಅಲ್ಲ. ಕೌಂಟಿಯ ಅಡಿಯಲ್ಲಿ ಅಮೆರಿಕದ ಅತಿ ಸಮೃದ್ಧ ತೈಲನೆಲವಾದ ಪರ್ಮಿಯನ್ ಬೇಸಿನ್ ಇದೆ. ಬಂಡೆ ಸೀಳಿ ಎಣ್ಣೆ ತೆಗೆಯುವ ಹೊಸ ವಿಧಾನ ಬಂದ ಮೇಲೆ ಆಸ್ತಿ ತೆರಿಗೆಯಾಗಿ ಕೋಟಿಗಟ್ಟಲೆ ಡಾಲರ್ ಬರುತ್ತಿದೆ. ಹಗಲೂ ರಾತ್ರಿ ಲಾರಿಗಳ ಸಾಲು. ಕೆಲಸಗಾರರು ತಾತ್ಕಾಲಿಕ ಶಿಬಿರಗಳಲ್ಲಿ ಉಳಿದು, ಪಾಳಿ ಮುಗಿಸಿ ತಮ್ಮ ಊರಿಗೆ ಹೋಗಿಬರುತ್ತಾರೆ. ಮನೆ ಬೇರೆ ಕಡೆ ಇರುವುದರಿಂದ ಅವರಲ್ಲಿ ಹೆಚ್ಚಿನವರು ಆ ಅರವತ್ತನಾಲ್ಕರಲ್ಲಿ ಸೇರಿಲ್ಲ. ದುಡಿಯುವ ಊರು ಒಂದು, ಲೆಕ್ಕಕ್ಕೆ ಸೇರುವ ಊರು ಇನ್ನೊಂದು. ಮೂವತ್ತು ವರ್ಷ ಫೋರ್ಟಿನ ಹೋಟೆಲಿನಲ್ಲಿ ದುಡಿದೂ ರೇಷನ್ ಕಾರ್ಡನ್ನು ಕುಂದಾಪುರದಲ್ಲೇ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಇದರ ತಿರುವುಮುರುವು ಕೂಡ ಅಲ್ಲಿದೆ. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಆ ಕೌಂಟಿಯಲ್ಲಿ ಬಿದ್ದ ಮತಗಳು 66. ಜನಸಂಖ್ಯೆಗಿಂತ ಎರಡು ಜಾಸ್ತಿ, ಮಕ್ಕಳನ್ನು ಬಿಡದೆ ಎಣಿಸಿದರೂ! ಕೆಲಸಕ್ಕೆಂದೋ ವಯಸ್ಸಾಯಿತೆಂದೋ ಹೊರಗೆ ಹೋಗಿ ನೆಲೆಸಿದವರು ಮತವನ್ನು ಮಾತ್ರ ಹುಟ್ಟೂರಲ್ಲೇ ಉಳಿಸಿಕೊಂಡಿರುತ್ತಾರೆ. ಇದು ನಮ್ಮೂರು, ಇವತ್ತಲ್ಲ ನಾಳೆ ಹಿಂದಿರುಗುತ್ತೇವೆ ಅನ್ನುವುದು ಅವರ ವಾದ. ಇಲ್ಲಿ ಮಲಗದವನಿಗೆ ಇಲ್ಲಿ ಮತವೇಕೆ ಅನ್ನುವುದು ಊರಲ್ಲೇ ಇರುವ ಕೆಲವರ ಪ್ರಶ್ನೆ. ಬೆರಳೆಣಿಕೆಯ ಮತಗಳಲ್ಲಿ ಅಧಿಕಾರಿ ಯಾರೆಂದು ತೀರ್ಮಾನವಾಗುವ ಕಡೆ, ಅದೂ ಎಣ್ಣೆಯ ದುಡ್ಡು ಖರ್ಚು ಮಾಡುವ ಅಧಿಕಾರಿ, ಇದು ಸಣ್ಣ ಜಗಳವಲ್ಲ. 2022ರ ಚುನಾವಣೆಯ ಫಲಿತಾಂಶ ಕೋರ್ಟಿನ ಮೆಟ್ಟಿಲು ಹತ್ತಿತು. ನೆಂಟರು ನೆಂಟರ ಎದುರು ನಿಂತರು. ಅಷ್ಟು ಜನರಲ್ಲಿ ನೆಂಟರಲ್ಲದವರು ಎಷ್ಟು ಸಿಕ್ಕಾರು ಹೇಳಿ!

ನನಗಂತೂ ಹೊರಗೆ ಹೋದವರ ಮೇಲೆ ಕೋಪ ಬರುವುದಿಲ್ಲ, ಊರಲ್ಲೇ ಉಳಿದವರ ಮಾತೂ ಸುಳ್ಳಲ್ಲ ಅನ್ನಿಸುತ್ತದೆ. ಅಲ್ಲಿ ಮುಂದಿನ ತಲೆ ಎಣಿಕೆ 2030ರಲ್ಲಿ.