ರೈಫಲಾಗಿ ಹುಟ್ಟಿದ ಪಿಸ್ತೂಲು

ನಳಿಗೆ ಮೊಟಕು ಮಾಡಿ, ಹೆಗಲಿಗೆ ಆನಿಸುವ ಹಿಡಿ ತೆಗೆದರೆ ರೈಫಲು ಪಿಸ್ತೂಲಾಯಿತಲ್ಲ ಎಂದು ಸಭಿಕರು ಕೇಳಬಹುದು. ಅಮೆರಿಕದ ಕೇಂದ್ರ ಕಾನೂನು ಒಪ್ಪುವುದಿಲ್ಲ. ರೈಫಲಿನ ನಳಿಗೆ 16 ಅಂಗುಲಕ್ಕಿಂತಲೋ ಒಟ್ಟು ಉದ್ದ 26 ಅಂಗುಲಕ್ಕಿಂತಲೋ ಕಡಿಮೆಯಾಗುವುದಾದರೆ ಮೊದಲೇ ಅನುಮತಿ, ನೋಂದಣಿ ಬೇಕು. ತಪ್ಪಿದರೆ 10 ವರ್ಷದವರೆಗೆ ಸೆರೆವಾಸ.

ಈ ವೈಚಿತ್ರ್ಯ 1934ರದು. ಪಾತಕಿ ತಂಡಗಳಿಗೆ ಕಡಿವಾಣ ಹಾಕಲು ತಂದ ಮಸೂದೆಯಲ್ಲಿ ಮೊದಲು ಪಿಸ್ತೂಲೂ ಇತ್ತು. ವಿರೋಧ ಬಂದು ಅದು ಹೊರಬಿತ್ತು. ಮೋಟು ರೈಫಲು ಉಳಿಯಿತು. ಬಾಗಿಲು ಕಿತ್ತೊಯ್ದ ಮೇಲೂ ಅಗುಳಿ ಉಳಿದ ಹಾಗೆ!

ಥಾಂಪ್ಸನ್ ಸೆಂಟರ್ ಕಂಪನಿ ಪಿಸ್ತೂಲಿನ ಜೊತೆಗೆ ಅದನ್ನು ರೈಫಲಾಗಿಸುವ ಭಾಗಗಳನ್ನೂ ತಯಾರಿಸಿತು. ಅವುಗಳಿಂದ ಮೋಟು ರೈಫಲನ್ನೂ ಜೋಡಿಸಬಹುದೆಂದು ಸರ್ಕಾರ ತೆರಿಗೆ ಕೇಳಿತು. ಕಾನೂನೇ ಅಸ್ಪಷ್ಟವಾಗಿದ್ದರೆ ಅದರ ಲಾಭ ಪ್ರಜೆಗೆ ಎಂದು 1992ರಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಪರ ನಿಂತಿತು. 2011ರಲ್ಲಿ ಇಲಾಖೆ ಇನ್ನಷ್ಟು ಬಿಡಿಸಿ ಹೇಳಿತು: ಪಿಸ್ತೂಲಾಗಿ ಹುಟ್ಟಿದ್ದು ರೈಫಲಾಗಿ ಮತ್ತೆ ಪಿಸ್ತೂಲಾಗಬಹುದು, ರೈಫಲಾಗಿಯೇ ಹುಟ್ಟಿದ್ದಕ್ಕೆ ಆ ಸವಲತ್ತಿಲ್ಲ. ಹಾಗಾಗಿ ಖರೀದಿಯ ರಸೀತಿ ಜೋಪಾನವಾಗಿರಬೇಕು. ಆಯುಧಕ್ಕೂ ಜನ್ಮಪತ್ರ, ನೋಡಿ!

1934ರಿಂದಲೂ ಇದ್ದ 200 ಡಾಲರ್ ತೆರಿಗೆ ಮೋಟು ರೈಫಲಿನ ಮಟ್ಟಿಗೆ 2026ರ ಜನವರಿಯಿಂದ ಸೊನ್ನೆಯಾಗಿದೆ. ಅನುಮತಿ, ನೋಂದಣಿ ಹಾಗೆಯೇ ಇವೆ. ರಾಜ್ಯಗಳ ಕಾನೂನು ಬೇರೆ.