ಕಿಸೆಯೊಳಗಿನ ರಂಗಭೂಮಿ

(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)

 

ಸ್ನೇಹಸಮ್ಮೇಳನದಲ್ಲಿ ಪರದೆ ಸರಿದೊಡನೆ ಸಭೆಯ ತುಂಬ ಮೊಬೈಲುಗಳು ಮೇಲೇಳುತ್ತವೆ. ವೇಷ ತೊಟ್ಟು ನಿಂತ ಮಗು ತಾಯಿಯ ಮುಖವನ್ನು ಹುಡುಕುತ್ತದೆ. ಅದಕ್ಕೆ ಕಾಣುವುದು ಮೊಬೈಲಿನ ಬೆನ್ನು. ಇದಕ್ಕಾಗಿ ನಾವು ಹಲವು ಸಲ ಬೇಸರಪಟ್ಟಿದ್ದೇವೆ. ನಮ್ಮ ಮಕ್ಕಳು ವೇದಿಕೆಯೇರಿದಾಗ ನಾವೂ ಕೈ ಎತ್ತಿದ್ದೇವೆ ಎಂಬುದನ್ನು ಒಪ್ಪಿಕೊಂಡೇ ಮಾತು ಮುಂದುವರಿಸುತ್ತೇವೆ. ಏಕೆಂದರೆ ಜಗತ್ತಿನ ಕೆಲವು ಕಲಾವಿದರು ಈ ಮೊಬೈಲನ್ನು ಕಿಸೆಗೆ ಹಾಕಿರೆಂದು ಗದರಿಸದೆ, ಅದನ್ನೇ ಆಟದೊಳಗೆ ಸೇರಿಸಿಕೊಂಡಿದ್ದಾರೆ.

2001ರಲ್ಲಿ ಆಸ್ಟ್ರಿಯಾದ ಲಿಂಜ್ ನಗರದಲ್ಲಿ ಗೋಲನ್ ಲೆವಿನ್ ಮತ್ತು ಸಂಗಡಿಗರು ‘ಡಯಲ್‌ಟೋನ್ಸ್’ ಎಂಬ ಸಂಗೀತ ಪ್ರಯೋಗ ನಡೆಸಿದರು. ಒಳಗೆ ಬರುವ ಮುನ್ನ ಪ್ರೇಕ್ಷಕರು ತಮ್ಮ ಮೊಬೈಲ್ ಸಂಖ್ಯೆಯನ್ನು ಬರೆಯಿಸಬೇಕು. ಅವರ ಫೋನಿಗೆ ಹೊಸ ಸ್ವರ ತುಂಬಿ, ಕೂಡಬೇಕಾದ ಆಸನವನ್ನು ಗೊತ್ತುಮಾಡಲಾಗುತ್ತಿತ್ತು. ವಾದಕರು ವೇದಿಕೆಯಿಂದ ಕರೆ ಮಾಡಿದಂತೆಲ್ಲ ಸಭೆಯ ಫೋನುಗಳು ಮೊಳಗಿ, ನಾದವು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹರಿಯಿತು. ಸಭೆಗೆ ಕಿರಿಕಿರಿಯಾದದ್ದೇ ಸಭೆಯ ವಾದ್ಯವಾಯಿತು. ಚೋದ್ಯವೇ ಸರಿ. ಆದರೂ ಅಲ್ಲಿ ಪ್ರೇಕ್ಷಕನು ವಾದ್ಯವಾದನೇ ಹೊರತು ವಾದಕನಾಗಲಿಲ್ಲ ಎಂದು ನಮಗೆ ತೋರುತ್ತದೆ.

ಮಿರಜದವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಯುಧಗಳನ್ನು ಹದಗೊಳಿಸುತ್ತಿದ್ದ ಮನೆತನಗಳ ಕೈ 19ನೆಯ ಶತಮಾನದಲ್ಲಿ ತಂತಿವಾದ್ಯಗಳತ್ತ ಹೊರಳಿದ ಊರಿದು. ಪಂಢರಪುರದ ಕಡೆಯ ಬುರುಡೆಗಳು ಇಲ್ಲಿ ತಂಬೂರಿಗಳಾಗುತ್ತವೆ. 2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಜಿ.ಐ. ಮಾನ್ಯತೆಯೂ ದೊರೆಯಿತು. ಬೆಂಗಳೂರಿನ ಜಿ. ರಾಜನಾರಾಯಣರು 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಇಂದು ಅದರ ನಾದ ಫೋನಿನೊಳಗೂ ಉಂಟು. ಒಬ್ಬಂಟಿಯಾಗಿ ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಅದು ದೊಡ್ಡ ಉಪಕಾರ, ಅಲ್ಲಗಳೆಯುವಂತಿಲ್ಲ. ಆದರೆ ಗಾಯಕನ ಬೆನ್ನ ಹಿಂದೆ ಕುಳಿತು ತಂಬೂರಿ ಮೀಟುವ ಶಿಷ್ಯನು ಮೀಟುತ್ತಲೇ ಕೇಳುತ್ತಿರುತ್ತಾನೆ. ಗುರುವಿನ ಉಸಿರು ಎಲ್ಲಿ ತುಂಬಿತು, ದನಿ ಎಲ್ಲಿ ತಡವರಿಸಿತು ಎಂಬುದು ಅವನ ಬೆರಳಿಗೆ ತಿಳಿಯುತ್ತದೆ. ಫೋನು ನುಡಿಯುತ್ತದೆ, ಕೇಳುವುದಿಲ್ಲ.

ಕೇಳಿ ಮರುನುಡಿಯುವುದಕ್ಕೆ ಸಾಂಗಲಿಯಷ್ಟು ದೊಡ್ಡ ಉದಾಹರಣೆ ಬೇರೆಲ್ಲಿದೆ? ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವು 1842ರಲ್ಲಿ ಇಲ್ಲಿಗೆ ಬಂದು, ಅರಸರಾದ ಚಿಂತಾಮಣರಾವ ಪಟವರ್ಧನರ ಎದುರು ಆಟವಾಡಿತು. ನೋಡಿದವರು ನೋಡಿ ಸುಮ್ಮನಾಗಲಿಲ್ಲ. ಅರಸರ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ಮರಾಠಿಯಲ್ಲಿ ಆಡಿಸಿದರು. ಮುಂದೆ ಮರಾಠಿ ಕಂಪನಿಗಳು ಕನ್ನಡ ಸೀಮೆಯಲ್ಲಿ ಸಂಚರಿಸಿ ಜನರನ್ನು ಮರುಳುಗೊಳಿಸಿದಾಗ, ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕಗಳನ್ನು ಬರೆದು ಮಂಡಳಿ ಕಟ್ಟಿದರು. ಒಂದು ನುಡಿ ಆಡಿತು, ಇನ್ನೊಂದು ಉತ್ತರಿಸಿತು, ಮೊದಲನೆಯದು ಮತ್ತೆ ಬಾಯಿ ತೆರೆಯಿತು.

ಈಗ ನಮ್ಮ ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ ಕೇಳಿದರೆ ಮೊಮ್ಮಗಳು ಮರಾಠಿಯಲ್ಲಿ ಉತ್ತರಿಸುತ್ತಾಳೆ. ಮರಾಠಿ ನಮಗೆ ಅನ್ನ ಕೊಟ್ಟ ನುಡಿ. ಅದರ ಮೇಲೆ ದೂರಿಲ್ಲ. ಅಜ್ಜಿಯ ಕನ್ನಡವು ಅಜ್ಜಿಯೊಂದಿಗೇ ಹೊರಟುಹೋಗುವುದೆಂಬ ಅಂಜಿಕೆ ಮಾತ್ರ ನಮಗೆ ದಿನದಿನಕ್ಕೆ ಹೆಚ್ಚುತ್ತಿದೆ.

ಬ್ರಿಟನ್ನಿನ ‘ಬ್ಲಾಸ್ಟ್ ಥಿಯರಿ’ ತಂಡದವರು 2007ರಲ್ಲಿ ಲಂಡನ್ನಿನಲ್ಲಿ ‘ರೈಡರ್ ಸ್ಪೋಕ್’ ಎಂಬ ಪ್ರಯೋಗ ಮಾಡಿದರು. ಪ್ರೇಕ್ಷಕನು ಸೈಕಲ್ಲಿಗೆ ಸಣ್ಣ ಗಣಕವೊಂದನ್ನು ಕಟ್ಟಿಕೊಂಡು ರಾತ್ರಿಯ ಬೀದಿಗಳಲ್ಲಿ ಹೊರಡಬೇಕು. ಅದು ಅವನ ಬಾಳಿನ ಕುರಿತು ಪ್ರಶ್ನೆ ಕೇಳುತ್ತದೆ; ಒಂದು ಮರೆಯ ಜಾಗ ಹುಡುಕಿ ಅವನು ಉತ್ತರವನ್ನು ಧ್ವನಿಮುದ್ರಿಸುತ್ತಾನೆ. ಬೇರೊಬ್ಬನ ಉತ್ತರವನ್ನು ಕೇಳಬೇಕಾದರೆ ಆ ಮನುಷ್ಯ ನಿಂತಿದ್ದ ಜಾಗಕ್ಕೇ ಹೋಗಬೇಕು. ಇಲ್ಲಿ ನಟರಿಲ್ಲ, ವೇದಿಕೆಯಿಲ್ಲ, ಕೇಳುವವನೇ ಹೇಳುವವನು.

ಇಂಥದೊಂದನ್ನು ನಮ್ಮ ಶಾಲೆ ಈ ವರ್ಷ ಮಾಡಲೆಂದು ನಾವು ಬಿನ್ನವಿಸುತ್ತೇವೆ. ಹಿರಿಯರು ತಮ್ಮ ಮನೆಗನ್ನಡದಲ್ಲೇ ಮೂರು ನಿಮಿಷ ಒಂದು ಜಾಗದ ಕುರಿತು ಮಾತಾಡಲಿ: ಮಿರಜ ಜಂಕ್ಷನ್ನು, ಸಾಂಗಲಿಯ ಇರ್ವಿನ್ ಸೇತುವೆ, 2019ರ ಮಹಾಪೂರದ ನೀರು ಏರಿದ್ದ ಓಣಿ. ಆ ಜಾಗದಲ್ಲಿ ಒಂದು ಸಂಖ್ಯೆಯ ಚೀಟಿ. ಮೊದಲೇ ಫೋನಿಗೆ ತುಂಬಿಕೊಂಡ ಅದೇ ಸಂಖ್ಯೆಯ ಧ್ವನಿ. ಇಂಟರ್ನೆಟ್ ಬೇಕಿಲ್ಲ. ಮಗು ಅಲ್ಲಿ ನಿಂತು ಕೇಳಬೇಕು, ತನ್ನದೊಂದು ಪ್ರಶ್ನೆಯನ್ನು ಕನ್ನಡದಲ್ಲಿ ಧ್ವನಿಮುದ್ರಿಸಬೇಕು. ಆ ಪ್ರಶ್ನೆ ಹಿರಿಯರ ಮನೆಗೆ ಹೋಗಬೇಕು, ಅವರ ಉತ್ತರ ಮರಳಿ ಬರಬೇಕು. ಈ ಮರಳಿ ಬರುವುದನ್ನು ಕೈಬಿಟ್ಟರೆ ಉಳಿಯುವುದು ಇನ್ನೊಂದು ಧ್ವನಿಭಂಡಾರವಷ್ಟೆ. ಅದಕ್ಕಾಗಿ ಇಷ್ಟು ಮಾತು ಬೇಕಿರಲಿಲ್ಲ.

ತೊಡಕುಗಳು ಇಲ್ಲದಿಲ್ಲ. ಅನೇಕ ಮನೆಗಳಲ್ಲಿ ಇರುವುದು ಒಂದೇ ಫೋನು, ಅದು ಬೆಳಿಗ್ಗೆಯೇ ತಂದೆಯೊಂದಿಗೆ ಕೆಲಸಕ್ಕೆ ಹೋಗುತ್ತದೆ. ಆದ್ದರಿಂದ ಇಬ್ಬರು ಮಕ್ಕಳಿಗೆ ಒಂದರಂತೆ ಮಾಜಿ ವಿದ್ಯಾರ್ಥಿಗಳು ತಮ್ಮ ಹಳೆಯ ಫೋನುಗಳನ್ನು ಶಾಲೆಗೆ ಕೊಡಲಿ. ಮಕ್ಕಳು ಶಿಕ್ಷಕರ ಜೊತೆಗೆ ನಡೆದೇ ಹೋಗಲಿ. ಲಂಡನ್ನಿನ ಸೈಕಲ್ಲು ನಮ್ಮ ರಸ್ತೆಗೆ ಬೇಡ. ಯಾರ ಧ್ವನಿಯನ್ನೂ ಅವರ ಒಪ್ಪಿಗೆಯಿಲ್ಲದೆ ವಾಟ್ಸಾಪಿಗೆ ಹಾಕಬಾರದು.

ಧ್ವನಿ ಕೊಡಬಯಸುವವರು ಶಾಲೆಯ ಕಚೇರಿಯಲ್ಲಿ ಹೆಸರು ಬರೆಯಿಸಬೇಕು. ನಡೆದು ಬರಲಾಗದ ಹಿರಿಯರಿದ್ದರೆ ತಿಳಿಸಿರಿ, ಮಕ್ಕಳನ್ನು ಕರೆದುಕೊಂಡು ನಾವೇ ಅವರ ಮನೆಗೆ ಬರುತ್ತೇವೆ.